ಟನ್ನು ನೋಡಿ ಜಾಕ್ ಕೊಳ್ಳಬೇಡಿ

ಮಲೆನಾಡು ಮತ್ತು ಕರಾವಳಿಯ ಬೆಳೆಗಾರರ ಮನೆಗಳಲ್ಲಿ ಎತ್ತಿನ ಗಾಡಿ ಈಗ ಕಾಣಸಿಗುವುದೇ ಅಪರೂಪ. ಅದರ ಜಾಗವನ್ನು ಜೀಪು, ಪಿಕಪ್‌ಗಳಿಗಿಂತ ಹೆಚ್ಚಾಗಿ ತುಂಬಿರುವುದು ಎರಡು ಚಕ್ರದ ಬೈಕು. ಹಾಲಿನ ಕ್ಯಾನು ಡೇರಿಗೆ ಹೋಗುವುದು ಅದರ ಮೇಲೆ. ಸುಟ್ಟ ಪಂಪಿನ ಮೋಟಾರು ಪೇಟೆಗೆ ಹೋಗುವುದು, ಮೈಲುತುತ್ತದ ಚೀಲ ತೋಟಕ್ಕೆ ಬರುವುದು, ಮಕ್ಕಳು ಬಸ್ಸಿನ ನಿಲ್ದಾಣ ಸೇರುವುದು, ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಡಾಕ್ಟರ ಬಾಗಿಲು ಬಡಿಯಲು ಹೋಗುವುದು ಎಲ್ಲವೂ ಅದರಿಂದಲೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕುಗಳು ತಯಾರಾಗತೊಡಗಿದ ಕಾಲದಲ್ಲಿ ಊರಿಗೊಂದೋ ಎರಡೋ ಬೈಕು ಇದ್ದವು. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂದ ಮೇಲೆ ಪೆಟ್ರೋಲಿನ ಖರ್ಚು ಇಳಿಯಿತು, ಬೈಕುಗಳ ಸಂಖ್ಯೆ ಏರಿತು. ಇಂದು ಬೈಕಿಲ್ಲದ ಬೆಳೆಗಾರನ ಮನೆ ಹುಡುಕುವುದೇ ಕಷ್ಟ.

ಆದರೆ ಬೈಕು ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸುವ ನಾವು, ಅದನ್ನು ಮನೆಯಲ್ಲಿ ಎತ್ತಿ ನಿಲ್ಲಿಸುವ ಸಾಧನದ ಬಗ್ಗೆ ಒಂದು ಮಾತನ್ನೂ ವಿಚಾರಿಸುವುದಿಲ್ಲ. ಕೈಗೆ ಸಿಕ್ಕ ಕಲ್ಲು, ತೋಟದಿಂದ ತಂದ ಅಡಿಕೆ ಮರದ ತುಂಡು, ಜೀಪಿನ ಹಳೆಯ ಜಾಕ್, ಇಷ್ಟೇ ನಮ್ಮ ಸಲಕರಣೆ. ಇದು ಸಣ್ಣ ವಿಷಯವೆಂದು ತೋರಬಹುದು. ಒಂದು ಕ್ವಿಂಟಲಿಗೂ ಮಿಕ್ಕಿದ ಕಬ್ಬಿಣ ಕಾಲಿನ ಮೇಲೆ ಮಗುಚಿ ಬಿದ್ದಾಗ ಅದು ಸಣ್ಣದಾಗಿ ಉಳಿಯುವುದಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ನಮ್ಮ ಅಭಿಪ್ರಾಯವನ್ನು ಸ್ವಲ್ಪ ವಿವರವಾಗಿಯೇ ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮನೆಯಲ್ಲೇ ಏಕೆ ಎತ್ತಬೇಕು?

ಪೇಟೆಯವರಿಗೆ ಈ ಪ್ರಶ್ನೆ ಸಹಜ. ಮೆಕ್ಯಾನಿಕ್ ಇರುವಾಗ ಮನೆಯಲ್ಲಿ ಏಕೆ ಈ ರಗಳೆ? ನಮ್ಮ ಪರಿಸ್ಥಿತಿಯೇ ಬೇರೆ. ಮುಂಗಾರು ಹಿಡಿದ ಮೇಲೆ ತೋಟದ ರಸ್ತೆಯ ಕೆಸರು ಚೈನಿಗೆ ಮೆತ್ತಿಕೊಳ್ಳುತ್ತದೆ. ಹಾಕಿದ ಎಣ್ಣೆ ಎರಡು ದಿನದ ಮಳೆಗೆ ತೊಳೆದುಹೋಗುತ್ತದೆ. ಅನೇಕ ಬೈಕುಗಳ ಕೈಪಿಡಿಯಲ್ಲಿ ಸುಮಾರು 500 ಕಿ.ಮೀ.ಗೊಮ್ಮೆ ಚೈನಿಗೆ ಎಣ್ಣೆ ಬಿಡಬೇಕೆಂದು ಹೇಳಿರುತ್ತದೆ. ಅದು ಒಣ ರಸ್ತೆಯ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಅದಕ್ಕಿಂತ ಬೇಗ ಬೇಗ ನೋಡಿಕೊಳ್ಳಬೇಕಾಗುತ್ತದೆ. ಅಷ್ಟಕ್ಕೆಲ್ಲ 20 ಕಿ.ಮೀ. ದೂರದ ಪೇಟೆಗೆ ಹೋಗಿ ಬರಲಾಗದು. ಪಂಕ್ಚರ್ ಆದ ಬೈಕನ್ನಂತೂ ಅಲ್ಲಿಯವರೆಗೆ ತಳ್ಳಿಕೊಂಡು ಹೋಗುವುದೂ ಆಗದ ಮಾತು. ಚಕ್ರ ಬಿಚ್ಚಿ ಬಸ್ಸಿಗೆ ಹಾಕಿ ಕಳಿಸುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ.

ಇನ್ನೊಂದು ಸಂಗತಿಯನ್ನು ನಾವು ಮುಚ್ಚಿಡಬಾರದು. ಮಕ್ಕಳು ಓದಿ ಬೆಂಗಳೂರು ಸೇರಿದ್ದಾರೆ. ತೋಟದ ಮನೆಗಳಲ್ಲಿ ಉಳಿದಿರುವವರು ಅರವತ್ತು ದಾಟಿದ ಗಂಡ ಹೆಂಡಿರು. ಹಿಂದೆ ಬೈಕು ಎತ್ತಲು "ಏ ತಮ್ಮಾ, ಒಂದು ಕೈ ಹಿಡಿ" ಎಂದರೆ ಅಂಗಳದಲ್ಲಿ ನಾಲ್ಕು ಜನ ಸಿಗುತ್ತಿದ್ದರು. ಈಗ ಒಬ್ಬರೇ ಎತ್ತಬೇಕು, ಒಬ್ಬರೇ ಹಿಡಿಯಬೇಕು, ಒಬ್ಬರೇ ಸ್ಪ್ಯಾನರ್ ತಿರುಗಿಸಬೇಕು. ಬಿದ್ದರೆ ಕೂಗಿದ ದನಿ ಕೇಳುವವರೂ ಹತ್ತಿರ ಇರುವುದಿಲ್ಲ. ಬೈಕಿನ ಜಾಕ್ ಇಂದು ಹುಡುಗರ ಶೋಕಿಯ ವಸ್ತುವಾಗಿ ಉಳಿದಿಲ್ಲವೆಂದು ನಾವು ಹೇಳುವುದು ಈ ಕಾರಣಕ್ಕೆ.

ಈಗ ನಡೆಯುತ್ತಿರುವ ಪದ್ಧತಿ

ನಮ್ಮ ಅಂಗಳಗಳಲ್ಲಿ ಬೈಕು ಎತ್ತುವ ಬಗೆಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಕಲ್ಲು. ಕೆಂಪು ಮುರಕಲ್ಲು ಗೋಡೆಯಲ್ಲಿ ನೂರು ವರ್ಷ ನಿಲ್ಲಬಲ್ಲದು, ಏಕೆಂದರೆ ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡಿರುತ್ತದೆ. ಅದೇ ಕಲ್ಲಿನ ಅಂಚಿನ ಮೇಲೆ ಬೈಕಿನ ಕೊಳವೆಯೊಂದು ಕುಳಿತರೆ ಅಂಚು ಪುಡಿಯಾಗಿ ಜಾರುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕ್ ಇನ್ನೂ ಅಪಾಯಕರ. ಅದು ಮುನ್ಸೂಚನೆಯನ್ನೇ ಕೊಡದೆ ಒಡೆಯುತ್ತದೆ.

ಎರಡನೆಯದು ಅಡಿಕೆ ಮರದ ತುಂಡು. ಅಡಿಕೆ ಮರದ ಸಂಗತಿ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗೆ ಗಟ್ಟಿ, ಒಳಗೆ ಮೆತ್ತನೆಯ ತಿರುಳು. ಎರಡು ಮಳೆಗಾಲ ಹೊರಗೆ ಬಿದ್ದ ತುಂಡು ನೋಡಲು ಇಡಿಯಾಗಿಯೇ ಇರುತ್ತದೆ, ಒಳಗೆ ಹುಡಿಯಾಗಿರುತ್ತದೆ. ದಬ್ಬೆಯಾಗಿ ಸೀಳಿ ಮಾಡಿಗೆ ಹಾಕಲು ಅದು ಯೋಗ್ಯ, ಭಾರ ಹೊರಿಸಲು ಅಲ್ಲ. ಅದೂ ಅಲ್ಲದೆ ದುಂಡಗಿನ ವಸ್ತು ಉರುಳುವುದು ಸಹಜ.

ಮೂರನೆಯದು ಜೀಪು, ಕಾರುಗಳ ಜಾಕ್. ಇದು ಹೇಗಿದ್ದರೂ ಜಾಕ್ ತಾನೆ, ಕಲ್ಲಿಗಿಂತ ಮೇಲಲ್ಲವೇ ಎಂಬ ಭಾವನೆ ಬಹಳ ಜನರಲ್ಲಿದೆ. ಇದನ್ನು ಮುಂದೆ ಬೇರೆಯಾಗಿಯೇ ಪರಿಶೀಲಿಸುತ್ತೇವೆ.

ಇವೆಲ್ಲಕ್ಕಿಂತ ಘೋರವಾದ ಒಂದು ಅಭ್ಯಾಸವಿದೆ. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಎಂಜಿನ್ ಚಾಲೂ ಮಾಡಿ, ಗೇರು ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವುದು. ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಎಂಜಿನ್ ಮೆಲ್ಲಗೆ ಓಡುತ್ತಿದ್ದಾಗಲೂ, ಮೊದಲನೆಯ ಗೇರಿನಲ್ಲೂ, ಚೈನು ಸೆಕೆಂಡಿಗೆ ಸುಮಾರು ಒಂದಡಿ ಸರಿಯುತ್ತದೆ. ಬಟ್ಟೆಯ ಒಂದು ಎಳೆ ಹಲ್ಲಿಗೆ ಸಿಕ್ಕಿದರೆ ಬಟ್ಟೆಯೊಡನೆ ಬೆರಳೂ ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಹೋಗುತ್ತದೆ. "ಅಯ್ಯೋ" ಎನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಡಿಕೆ ಸುಲಿಯುವ ಕೈಗೆ, ಕಾಫಿ ಕಸಿ ಮಾಡುವ ಕೈಗೆ ಬೆರಳಿನ ಬೆಲೆ ಏನೆಂದು ಹೇಳಬೇಕಾಗಿಲ್ಲ. ಒಳ್ಳೆಯ ಜಾಕ್ ಕೊಂಡ ಮನೆಯಲ್ಲೂ ಈ ಅಭ್ಯಾಸ ಉಳಿದರೆ ಜಾಕ್ ಕೊಂಡೂ ಪ್ರಯೋಜನವಿಲ್ಲ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿ, ಗೇರು ಬಿಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಇದರಲ್ಲಿ ರಾಜಿಯಿಲ್ಲ.

ಟನ್ನಿನ ಭ್ರಮೆ

ಅಂಗಡಿಗೆ ಹೋಗಿ ಜಾಕ್ ಕೇಳಿದರೆ ಮೊದಲು ಕೇಳಿಬರುವ ಮಾತು "ಇದು ಎರಡು ಟನ್, ಇದು ಮೂರು ಟನ್" ಎಂಬುದು. ಹೆಚ್ಚು ಟನ್ನಿನದು ಹೆಚ್ಚು ಭದ್ರ ಎಂದು ನಾವೂ ನಂಬಿಬಿಡುತ್ತೇವೆ. ಈ ನಂಬಿಕೆ ತಪ್ಪೆಂಬುದೇ ನಮ್ಮ ಈ ಲೇಖನದ ಮುಖ್ಯ ಮಾತು.

ಲೆಕ್ಕ ನೋಡಿ. ಟಿವಿಎಸ್ ಎಕ್ಸ್‌ಎಲ್ 100ರ ತೂಕ 90 ಕಿಲೋದೊಳಗೆ. ಸ್ಪ್ಲೆಂಡರ್ ಸುಮಾರು 112 ಕಿಲೋ. ಈಗಿನ ಬುಲೆಟ್ 350 ಸುಮಾರು 195 ಕಿಲೋ. ಅಂದರೆ ನಮ್ಮ ಮನೆಗಳಲ್ಲಿರುವ ಅತಿ ಭಾರದ ಬೈಕು ಕೂಡ ಎರಡು ಕ್ವಿಂಟಲ್ ಮುಟ್ಟುವುದಿಲ್ಲ. ಒಂದೇ ಚಕ್ರ ಎತ್ತುವಾಗ ಜಾಕಿನ ಮೇಲೆ ಬೀಳುವುದು ಅದರಲ್ಲೂ ಒಂದು ಭಾಗ ಮಾತ್ರ. ಅರ್ಧ ಟನ್ ಹೊರುವ ಜಾಕ್ ಧಾರಾಳವಾಯಿತು. ಮನೆಯಲ್ಲಿ ಬೈಕು ಬೀಳುವುದು ಜಾಕ್ ಭಾರ ತಾಳದೆ ಮುರಿದುದರಿಂದಲ್ಲ. ಬೈಕು ಪಕ್ಕಕ್ಕೆ ವಾಲಿ ಜಾಕಿನಿಂದ ಜಾರುವುದರಿಂದ.

ಕಾರಿಗೆ ನಾಲ್ಕು ಚಕ್ರ. ಒಂದನ್ನು ಎತ್ತಿದರೆ ಉಳಿದ ಮೂರು ನೆಲ ಹಿಡಿದಿರುತ್ತವೆ. ಬೈಕಿನ ಭಾರವೆಲ್ಲ ನೆಲದಿಂದ ಎರಡಡಿ ಮೇಲೆ ಕುಳಿತಿದೆ, ನೆಲ ಹಿಡಿದಿರುವುದು ಎರಡು ಟೈರುಗಳ ಸಣ್ಣ ತುಣುಕು ಮಾತ್ರ. ಅಂಥದನ್ನು ಅಂಗೈಯಗಲದ ತಲೆಯ ಮೇಲೆ ಎತ್ತಿದರೆ ತಕ್ಕಡಿಯ ಮುಳ್ಳಿನಂತೆ ಅತ್ತಿತ್ತ ಆಡುತ್ತದೆ. ಅಚ್ಚಿನ ನಟ್ಟು ಬಿಡಿಸಲು ಒಂದಡಿ ಉದ್ದದ ಸ್ಪ್ಯಾನರಿನ ತುದಿಗೆ ನಾವು ಇಪ್ಪತ್ತು ಕಿಲೋ ಭಾರ ಹಾಕುತ್ತೇವೆಂದು ಇಟ್ಟುಕೊಳ್ಳಿ. ಆ ಒಂದು ಎಳೆತವೇ ಬೈಕನ್ನು ಉರುಳಿಸಲು ಸಾಕು. ಇದಕ್ಕೆ ಮೂರು ಟನ್ನಿನ ಜಾಕ್ ಏನು ಮಾಡೀತು? ಆದುದರಿಂದ ಜಾಕ್ ನೋಡುವಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಬುಡ ಎಷ್ಟು ಅಗಲ? ತಲೆ ಎಷ್ಟು ಅಗಲ? ಎತ್ತಿದ ಮೇಲೆ ಬೀಗ ಹಾಕಿದಂತೆ ನಿಲ್ಲುತ್ತದೆಯೇ? ಟನ್ನಿನ ಪ್ರಶ್ನೆ ನಾಲ್ಕನೆಯದು.

ಮೊದಲು ಡಬಲ್ ಸ್ಟ್ಯಾಂಡ್

ಜಾಕ್ ಕೊಳ್ಳುವ ಮೊದಲು ನಿಮ್ಮ ಬೈಕಿಗೆ ಡಬಲ್ ಸ್ಟ್ಯಾಂಡ್ ಇದೆಯೇ ನೋಡಿ. ಇದ್ದರೆ ಅರ್ಧ ಸಮಸ್ಯೆ ಮುಗಿದಂತೆ. ಅದರ ಎರಡು ಕಾಲುಗಳು ಅಗಲವಾಗಿ ನೆಲ ಹಿಡಿಯುತ್ತವೆ, ತಯಾರಕರೇ ಆ ಬೈಕಿನ ತೂಕ ನೋಡಿ ಮಾಡಿರುತ್ತಾರೆ, ಕಳೆದುಹೋಗುವ ಪ್ರಶ್ನೆಯೂ ಇಲ್ಲ. ಚೈನಿಗೆ ಎಣ್ಣೆ ಬಿಡಲು, ಚೈನಿನ ಸಡಿಲ ಸರಿಪಡಿಸಲು, ಹಿಂದಿನ ಚಕ್ರ ಬಿಚ್ಚಲು ಬೇರೆ ಏನೂ ಬೇಡ.

ಈಗಿನ ಹಲವು ಹೊಸ ಬೈಕುಗಳು ಸೈಡ್ ಸ್ಟ್ಯಾಂಡ್ ಮಾತ್ರ ಇಟ್ಟುಕೊಂಡು ಬರುತ್ತಿವೆ. ತೂಕ ಕಡಿಮೆಯಾಗಲಿ, ನೋಟ ಚೆನ್ನಾಗಿರಲಿ ಎಂಬುದು ತಯಾರಕರ ಲೆಕ್ಕ. ಪೇಟೆಯ ಹುಡುಗರಿಗೆ ಅದು ಸರಿಯಿರಬಹುದು. ಬೆಳೆಗಾರನಿಗೆ ಸರಿಯಲ್ಲ. ಬೈಕು ಕೊಳ್ಳುವಾಗಲೇ ಡಬಲ್ ಸ್ಟ್ಯಾಂಡ್ ಜೋಡಿಸಲು ಸಾಧ್ಯವೇ ಎಂದು ಷೋರೂಮಿನಲ್ಲಿ ಕೇಳಿ. ಸಾಧ್ಯವಿದ್ದರೆ ಹೆಚ್ಚಿನ ಹಣ ಕೊಟ್ಟಾದರೂ ಹಾಕಿಸಿಕೊಳ್ಳಿ. ಚರ್ಮದ ಸೀಟು, ಬಣ್ಣದ ಕನ್ನಡಿಗಳಿಗೆ ಸುರಿಯುವ ಹಣಕ್ಕಿಂತ ಇದು ಸಾರ್ಥಕ. ಗುಂಡಿಯಲ್ಲಿ ತಾಗುತ್ತದೆಂದು ಇರುವ ಡಬಲ್ ಸ್ಟ್ಯಾಂಡನ್ನು ಬಿಚ್ಚಿ ಅಟ್ಟಕ್ಕೆ ಎಸೆದವರು ದಯವಿಟ್ಟು ಇಳಿಸಿ, ತುಕ್ಕು ಉಜ್ಜಿ ಮತ್ತೆ ಹಾಕಿಸಿಕೊಳ್ಳಬೇಕು.

ಹಾಗಾದರೆ ಜಾಕ್ ಯಾರಿಗೆ ಬೇಕು? ಡಬಲ್ ಸ್ಟ್ಯಾಂಡ್ ಹಾಕಲಾಗದ ಬೈಕಿನವರಿಗೆ, ಮುಂದಿನ ಚಕ್ರ ಬಿಚ್ಚಬೇಕಾದವರಿಗೆ, ಭಾರದ ಬೈಕನ್ನು ಕಾಲಿನಿಂದ ಒತ್ತಿ ಸ್ಟ್ಯಾಂಡಿಗೆ ಎಳೆಯಲು ಸೊಂಟ ಕೇಳದವರಿಗೆ. ಅಂಥವರಿಗಾಗಿ ಮುಂದಿನ ಮಾತು.

ಜಾಕ್‌ಗಳಲ್ಲಿ ಯಾವುದು?

ಕತ್ತರಿ ಜಾಕ್: ಮಧ್ಯದಲ್ಲಿ ಮರೆಯ ಸರಳಿದ್ದು, ಅದನ್ನು ತಿರುಗಿಸಿದಾಗ ಕತ್ತರಿಯಂತೆ ಎರಡು ಜೋಡಿ ಕೈಗಳು ಮೇಲೇಳುವ ಜಾಕ್ ಇದು. ಬೈಕಿಗೆಂದೇ ಮಾಡಿದ್ದರಲ್ಲಿ ಕೆಳಗೆ ಅಗಲವಾದ ಚೌಕಟ್ಟು, ಮೇಲೆ ರಬ್ಬರ್ ಹೊದಿಸಿದ ಅಗಲವಾದ ತಟ್ಟೆ ಇರುತ್ತದೆ. ಇದರ ದೊಡ್ಡ ಗುಣವೆಂದರೆ ಮರೆಯ ಘರ್ಷಣೆಯೇ ಇದಕ್ಕೆ ಬೀಗ. ನಾವು ಹಿಂದಕ್ಕೆ ತಿರುಗಿಸಿದ ಹೊರತು ಇದು ತಾನಾಗಿ ಇಳಿಯುವುದಿಲ್ಲ. ಎಣ್ಣೆಯಿಲ್ಲ, ವಾಷರ್ ಇಲ್ಲ, ಸೋರುವುದಿಲ್ಲ. ಕೆಟ್ಟರೆ ಏನು ಕೆಟ್ಟಿದೆಯೆಂದು ಕಣ್ಣಿಗೆ ಕಾಣುತ್ತದೆ. ಎತ್ತಲು ಹೊತ್ತು ಹಿಡಿಯುವುದೊಂದೇ ಇದರ ದೋಷ. ಮನೆಯ ಬಳಕೆಗೆ ಅದು ದೋಷವೇ ಅಲ್ಲ.

ಕಾರಿನೊಂದಿಗೆ ಬರುವ ಕತ್ತರಿ ಜಾಕನ್ನು ಇದರೊಡನೆ ಗೊಂದಲ ಮಾಡಿಕೊಳ್ಳಬಾರದು. ಅದರ ತಲೆಯಲ್ಲಿ ಕಾರಿನ ಬದಿಯ ತಗಡಿನ ಅಂಚು ಕೂರಲೆಂದು ಸಣ್ಣ ಗಾಡಿ ಇರುತ್ತದೆ. ಬೈಕಿನ ದುಂಡು ಕೊಳವೆ ಅದರಲ್ಲಿ ಕೂರುವುದಿಲ್ಲ.

ಬಾಟಲಿ ಜಾಕ್: ಜೀಪಿನವರ ಮನೆಯಲ್ಲೆಲ್ಲ ಇರುವುದು ಇದೇ. ಒಂದು ಕಡೆ ಒತ್ತಿದ ಎಣ್ಣೆ ಎಲ್ಲ ಕಡೆಗೂ ಅದೇ ಒತ್ತಡ ಕೊಡುತ್ತದೆಂದು ಫ್ರೆಂಚ್ ವಿಜ್ಞಾನಿ ಪ್ಯಾಸ್ಕಲ್ 17ನೆಯ ಶತಮಾನದಲ್ಲಿ ಹೇಳಿದ ತತ್ವವೇ ಇದರ ಆಧಾರ. ಸಣ್ಣ ಕೊಳವೆಯಲ್ಲಿ ಮೆಲ್ಲಗೆ ಪಂಪು ಹೊಡೆದರೆ ದೊಡ್ಡ ಕೊಳವೆ ಜೀಪನ್ನೇ ಎತ್ತುತ್ತದೆ. ಜೀಪಿಗೆ ಇದು ಯೋಗ್ಯ, ಬೈಕಿಗೆ ಅಲ್ಲ. ತಲೆ ಬಹಳ ಕಿರಿದು, ಬುಡವೂ ಕಿರಿದು. ಪೂರ್ತಿ ಇಳಿಸಿದಾಗಲೂ ಹೆಚ್ಚಿನವು 15ರಿಂದ 20 ಸೆಂ.ಮೀ. ಎತ್ತರ ಇರುತ್ತವೆ, ಸ್ಪ್ಲೆಂಡರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 16.5 ಸೆಂ.ಮೀ. ಮಾತ್ರ. ಆಗ ಬೈಕನ್ನು ವಾಲಿಸಿ ಜಾಕ್ ತುರುಕುವ ಸಾಹಸ ಶುರುವಾಗುತ್ತದೆ. ಬೇಡವೆಂದೇ ನಮ್ಮ ಸಲಹೆ.

ಎರಡು ಹಳಿಯ ಎಣ್ಣೆ ಜಾಕ್: ಚಕ್ರಗಳ ಮೇಲೆ ಓಡುವ, ಮೇಲೆ ಎರಡು ಅಗಲ ಹಳಿಗಳಿರುವ, ಕಾಲಿನಿಂದ ಒತ್ತಿ ಏರಿಸುವ ಜಾಕ್. ಇದು ಬೈಕಿಗೆಂದೇ ಮಾಡಿದ್ದು, ಎತ್ತುವುದು ಸುಲಭ, ವಯಸ್ಸಾದವರಿಗೂ ಸಾಧ್ಯ. ಆದರೆ ಇದಕ್ಕೆ ಸಮತಟ್ಟಾದ ಸಿಮೆಂಟ್ ನೆಲ ಬೇಕೇ ಬೇಕು. ಮಣ್ಣಿನಂಗಳದಲ್ಲಿ ಇದರ ಸಣ್ಣ ಚಕ್ರಗಳು ಹೂತುಹೋಗುತ್ತವೆ. ಎಣ್ಣೆಯ ಜಾಕ್ ಯಾವುದೇ ಆಗಲಿ, ಒಳಗಿನ ರಬ್ಬರ್ ಸವೆದರೆ ಮೆಲ್ಲಗೆ ಇಳಿಯುತ್ತದೆ, ಒಮ್ಮೊಮ್ಮೆ ಒಮ್ಮೆಲೇ ಇಳಿಯುತ್ತದೆ. ಆದುದರಿಂದ ಎತ್ತಿದ ಮೇಲೆ ಕಬ್ಬಿಣದ ಪಿನ್ನು ಅಥವಾ ಹಲ್ಲುಪಟ್ಟಿ ಸಿಕ್ಕಿಸಿ ಭಾರವನ್ನು ಎಣ್ಣೆಯಿಂದ ಕಬ್ಬಿಣಕ್ಕೆ ವರ್ಗಾಯಿಸುವ ಏರ್ಪಾಡು ಇಲ್ಲದ ಜಾಕನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಇದಕ್ಕೆ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಬೇಕು. ಬ್ರೇಕ್ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಪ್ಯಾಡಾಕ್ ಸ್ಟ್ಯಾಂಡ್: ಇದು ಜಾಕಿಗಿಂತ ಸರಳ. ಸನ್ನೆಯಂತೆ ಕೆಲಸ ಮಾಡುವ ಕೊಳವೆಯ ಚೌಕಟ್ಟು. ಹಿಂದಿನ ಚಕ್ರವನ್ನು ಹಿಡಿದಿರುವ ಎರಡು ತೋಳುಗಳಿಗೆ ಎರಡೂ ಬದಿಯಿಂದ ಆನಿಸಿ ಹಿಡಿಯನ್ನು ನೆಲಕ್ಕೆ ಒತ್ತಿದರೆ ಚಕ್ರ ಮೇಲೇಳುತ್ತದೆ. ಬುಡ ಅಗಲವಾದ್ದರಿಂದ ವಾಲುವ ಭಯ ಕಡಿಮೆ. ಡಬಲ್ ಸ್ಟ್ಯಾಂಡ್ ಇಲ್ಲದ ಬೈಕಿಗೆ ಚೈನಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಒತ್ತುವಾಗ ಬೈಕನ್ನು ನೆಟ್ಟಗೆ ಹಿಡಿಯಲು ಇನ್ನೊಬ್ಬರು ಇದ್ದರೇ ಕ್ಷೇಮ. ಒಂದೇ ಬದಿಯಲ್ಲಿ ಎಂಜಿನ್ ಮತ್ತು ಚಕ್ರ ಸೇರಿರುವ ಸ್ಕೂಟರುಗಳಿಗೆ ಇದು ಆಗುವುದಿಲ್ಲ. ಹೇಗೂ ಅವುಗಳಲ್ಲಿ ಸಾಮಾನ್ಯವಾಗಿ ಡಬಲ್ ಸ್ಟ್ಯಾಂಡ್ ಇರುತ್ತದೆ.

ಊರುಗೋಲು: ಸೈಡ್ ಸ್ಟ್ಯಾಂಡಿನ ಎದುರು ಬದಿಯಲ್ಲಿ ಊರಿ ಹಿಂದಿನ ಚಕ್ರವನ್ನು ಒಂದಂಗುಲ ಎತ್ತುವ ಸಣ್ಣ ಕೋಲಿನಂಥ ಸಾಧನ ಈಗ ಮೊಬೈಲಿನ ಅಂಗಡಿಗಳಲ್ಲಿ ಬಹಳ ಮಾರಾಟವಾಗುತ್ತಿದೆ. ಬೆಲೆ ಕಡಿಮೆ, ಜೇಬಿನಲ್ಲಿ ಹಿಡಿಸುತ್ತದೆ. ಗಟ್ಟಿ ನೆಲದಲ್ಲಿ, ಮುಂದಿನ ಬ್ರೇಕ್ ಕಟ್ಟಿ, ಚೈನಿಗೆ ಎಣ್ಣೆ ಬಿಡಲು ಮಾತ್ರ ಇದನ್ನು ಒಪ್ಪಬಹುದು. ಇದರ ಮೇಲೆ ನಿಲ್ಲಿಸಿ ನಟ್ಟು ಬಿಚ್ಚುವುದು, ಚಕ್ರ ತೆಗೆಯುವುದು ಸಲ್ಲದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ ಹೀಗೆ: ಮಣ್ಣಿನಂಗಳದ ಸಾಮಾನ್ಯ ಮನೆಗೆ ಡಬಲ್ ಸ್ಟ್ಯಾಂಡ್ ಮತ್ತು ಅಗಲ ತಟ್ಟೆಯ ಕತ್ತರಿ ಜಾಕ್ ಸಾಕು. ಡಬಲ್ ಸ್ಟ್ಯಾಂಡ್ ಇಲ್ಲದವರು ಪ್ಯಾಡಾಕ್ ಸ್ಟ್ಯಾಂಡ್ ಕೊಳ್ಳಲಿ. ಸಿಮೆಂಟ್ ಕಣವಿದ್ದು, ಮನೆಯಲ್ಲಿ ಎರಡು ಮೂರು ಬೈಕುಗಳಿದ್ದವರು ಬೀಗದ ಪಿನ್ನಿರುವ ಎರಡು ಹಳಿಯ ಜಾಕ್ ಯೋಚಿಸಬಹುದು.

ಚೂರಿ ಅದ್ದಿ ನೋಡುವ ಬುದ್ಧಿ

ಬೋರ್ಡೋ ದ್ರಾವಣ ಮಾಡುವಾಗ ನಾವು ಏನು ಮಾಡುತ್ತೇವೆ? ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ತೂಗಿ ಹಾಕಿದ ಮೇಲೂ ಉಜ್ಜಿದ ಚೂರಿಯನ್ನು ಅದ್ದಿ ನೋಡುತ್ತೇವೆ. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯುತ್ತೇವೆ. ಅಂಗಡಿಯವನ ಮಾತನ್ನೋ ಚೀಲದ ಮೇಲಿನ ಅಚ್ಚನ್ನೋ ನಂಬಿ ಮರಕ್ಕೆ ಹೊಡೆಯುವುದಿಲ್ಲ. ಅಡಿಕೆಗೊನೆಗೆ ತೋರುವ ಈ ಎಚ್ಚರವನ್ನು ನಮ್ಮ ಕೈಕಾಲಿಗೂ ತೋರಬಾರದೇಕೆ?

ಜಾಕಿಗೂ ಪರೀಕ್ಷೆ ಇದೆ. ಮನೆಗೆ ತಂದ ಮೊದಲ ದಿನ ಅದರ ಮೇಲೆ ಬೈಕನ್ನು ಎತ್ತಿ, ಮಾಡಿನ ಕಂಬಕ್ಕೆ ಹಗ್ಗದಿಂದ ಸಡಿಲವಾಗಿ ಕಟ್ಟಿ, ಜಾಕಿನ ಎತ್ತರವನ್ನು ಅಳೆದು ಬರೆದುಕೊಳ್ಳಿ. ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಎಣ್ಣೆ ಜಾಕಾದರೆ ಈ ಪರೀಕ್ಷೆಯನ್ನು ಬೀಗದ ಪಿನ್ನು ಹಾಕದೆ ಮಾಡಬೇಕು. ಇಳಿದಿದ್ದರೆ ಅಥವಾ ಎಣ್ಣೆಯ ಪಸೆ ಕಂಡರೆ ವಾಪಸು ಮಾಡಿ. ಕತ್ತರಿ ಜಾಕಾದರೆ ಕೀಲುಗಳಲ್ಲಿ ಅಲುಗಾಟ ಎಷ್ಟಿದೆ, ಬೆಸುಗೆಯಲ್ಲಿ ಬಿರುಕಿದೆಯೇ, ಮರೆ ಸರಾಗವಾಗಿ ತಿರುಗುತ್ತದೆಯೇ ನೋಡಿ. ಪರೀಕ್ಷೆ ಮುಗಿಯುವವರೆಗೆ ಯಾರೂ ಕೈಕಾಲು ಕೆಳಗೆ ಇಡಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಗುಜರಿಯಲ್ಲಿ ಸಿಗುವ ಹಳೆಯ ಜಾಕ್ ಎಲ್ಲವೂ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಮರೆ ಸವೆದು ಚೂಪಾಗಿದ್ದರೆ, ಸರಳು ಬಾಗಿದ್ದರೆ, ಮೇಲೆ ಹೊಸ ಬಣ್ಣ ಬಳಿದು ಬೆಸುಗೆ ಮುಚ್ಚಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಕೊಳ್ಳುವಾಗ ರಸೀದಿ ಕೇಳುವುದು ನಮ್ಮವರಿಗೆ ಸಂಕೋಚ. ಈ ಸಂಕೋಚ ಬಿಡಬೇಕು. ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ಗರಿಷ್ಠ ಬೆಲೆ, ಹೊರದೇಶದ ಮಾಲಾದರೆ ಅದು ಯಾವ ದೇಶದ್ದು ಎಂಬುದು ಅಚ್ಚಾಗಿರಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಹೇಳುತ್ತವೆ. ಯಾವ ಹೆಸರೂ ಇಲ್ಲದ ಜಾಕ್ ನಾಳೆ ಮುರಿದರೆ ಯಾರನ್ನು ಕೇಳುವುದು? 1986ರ ಗ್ರಾಹಕ ಕಾಯ್ದೆಯ ಜಾಗಕ್ಕೆ ಬಂದ 2019ರ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ದೋಷದ ವಸ್ತುವಿನಿಂದ ಮೈಗೆ ಪೆಟ್ಟಾದರೆ ತಯಾರಕರೂ ಮಾರಿದವರೂ ಹೊಣೆಯಾಗಬೇಕಾಗುತ್ತದೆಂದು ಅದರಲ್ಲಿ ಸ್ಪಷ್ಟವಾಗಿದೆ. ಮೊಬೈಲಿನಲ್ಲಿ ತರಿಸಿದ ವಸ್ತುವಿಗೂ ಅದು ಅನ್ವಯಿಸುತ್ತದೆ. ನಮ್ಮದೇ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ. ಮೊದಲ ವಿಚಾರಣೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆ ಇದೆ. ರಸೀದಿ ಇಲ್ಲದಿದ್ದರೆ ಇವೆಲ್ಲ ಕಷ್ಟವಾಗುತ್ತದೆ.

ಎತ್ತುವಾಗ ನೆನಪಿಡಬೇಕಾದ್ದು

ಒಳ್ಳೆಯ ಜಾಕನ್ನೂ ಕೆಟ್ಟದಾಗಿ ಬಳಸಬಹುದು. ನೆಲದಿಂದಲೇ ಆರಂಭಿಸೋಣ. ಕಾಫಿ ಒಣಗಿಸುವ ಸಿಮೆಂಟ್ ಕಣ ಗಟ್ಟಿಯಾದರೂ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತೇವೆ. ಅದರಲ್ಲಿ ಸಮತಟ್ಟಾದ ಜಾಗ ಹುಡುಕಿ. ಮಣ್ಣಿನಂಗಳವಾದರೆ ಜಾಕಿನ ಕೆಳಗೆ ಒಂದೂವರೆ ಅಂಗುಲ ದಪ್ಪದ, ಜಾಕಿಗಿಂತ ಅಗಲವಾದ ಗಟ್ಟಿ ಮರದ ಹಲಗೆ ಇಡಿ. ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡಿನ ಕೆಳಗೂ ಒಂದು ತುಂಡು ಹಲಗೆ ಬೇಕು.

ಎರಡನೆಯದು ಎತ್ತುವ ಜಾಗ. ಎಂಜಿನ್ನಿನ ಕೆಳಗೆ ಚಾಸಿಸಿನ ಎರಡು ಕೊಳವೆಗಳು ಹಾದುಹೋಗಿರುವ ಬೈಕುಗಳಲ್ಲಿ ಜಾಕಿನ ತಟ್ಟೆ ಆ ಎರಡೂ ಕೊಳವೆಗಳಿಗೆ ತಾಗಬೇಕು. ಹಳೆಯ ಬುಲೆಟ್ಟಿನಲ್ಲಿ, ಇಂದಿನ ಹಲವು ಬೈಕುಗಳಲ್ಲಿ ಕೆಳಗೆ ಕೊಳವೆಗಳೇ ಇಲ್ಲ, ಎಂಜಿನ್ನೇ ಚಾಸಿಸಿನ ಒಂದು ಭಾಗ. ಅಂಥವುಗಳಲ್ಲಿ ಎಲ್ಲಿ ಆನಿಸಬೇಕೆಂದು ಕೈಪಿಡಿ ನೋಡಿ ಅಥವಾ ನಂಬುಗೆಯ ಮೆಕ್ಯಾನಿಕ್‌ನಿಂದ ಬಣ್ಣದ ಗುರುತು ಹಾಕಿಸಿಕೊಳ್ಳಿ. ಸೈಲೆನ್ಸರ್, ಎಣ್ಣೆ ಇಳಿಸುವ ಬೋಲ್ಟು, ಎಂಜಿನ್ನಿನ ತೆಳು ರೆಕ್ಕೆಗಳು, ಫುಟ್‌ರೆಸ್ಟ್ ಇವುಗಳಿಗೆ ಎಂದೂ ಆನಿಸಬಾರದು.

ಮೂರನೆಯದು ಬಹಳ ಮುಖ್ಯ. ಅಚ್ಚಿನ ಬಿಗಿ ನಟ್ಟನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ, ಆಮೇಲೆ ಎತ್ತಿ. ಮತ್ತೆ ಹಾಕುವಾಗ ಚಕ್ರ ನೆಲಕ್ಕೆ ಇಳಿದ ಮೇಲೆಯೇ ಕೊನೆಯ ಬಿಗಿ ಕೊಡಿ. ಬಲ ಹಾಕುವ ಕೆಲಸ ನೆಲದ ಮೇಲೆ, ಹಗುರ ಕೆಲಸ ಜಾಕಿನ ಮೇಲೆ ಎಂಬುದು ಸೂತ್ರ.

ನಾಲ್ಕನೆಯದಾಗಿ, ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯಿಂದ ಮುಂದಿನ ಬ್ರೇಕಿನ ಹಿಡಿ ಕಟ್ಟಿ. ಮುಂದಿನ ಚಕ್ರವನ್ನೇ ಎತ್ತುವುದಾದರೆ ಹಿಂದಿನ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕೊಡಿ. ಸಾಧ್ಯವಿದ್ದರೆ ಮಾಡಿನ ಗಟ್ಟಿ ಜಂತಿಯಿಂದ ಹ್ಯಾಂಡಲಿಗೆ ಒಂದು ಹಗ್ಗ ಇರಲಿ. ಹಿಂದಿನ ಚಕ್ರ ಬಿಚ್ಚಿದಾಗ ಅಷ್ಟು ಭಾರ ಹಿಂದಿನಿಂದ ಹೋಗಿ ಬೈಕು ಮುಂದಕ್ಕೆ ಮುಗ್ಗರಿಸುತ್ತದೆ. ಮುಂದಿನದು ಬಿಚ್ಚಿದಾಗ ಹಿಂದಕ್ಕೆ. ಇದನ್ನು ಮೊದಲೇ ಯೋಚಿಸಿ ಅಡಿಗೆ ಮರದ ದಿಮ್ಮಿ ಕೊಟ್ಟಿರಬೇಕು.

ಕೊನೆಯದಾಗಿ, ಎತ್ತಿದ ಬೈಕನ್ನು ಬಿಟ್ಟು ಊಟಕ್ಕೆ ಹೋಗಬೇಡಿ. ಅಂಗಳವೆಂದರೆ ಮಕ್ಕಳು ಆಡುವ, ಕರು ನುಗ್ಗುವ, ನಾಯಿ ಓಡುವ ಜಾಗ. ಕೆಲಸ ಮುಗಿಯದಿದ್ದರೆ ಬೈಕನ್ನು ಇಳಿಸಿ, ಗೋಡೆಗೆ ಕಟ್ಟಿ ಹೋಗಿ.

ಇಡುವ ಜಾಗದ ಬಗ್ಗೆ ಒಂದು ಮಾತು. ಜಾಕನ್ನು ಗೊಬ್ಬರದ ಕೋಣೆಯಲ್ಲಿ ಇಡಬೇಡಿ. ಪೊಟ್ಯಾಷಿನ ಪುಡಿ, ಮೈಲುತುತ್ತದ ಪಸೆ ಕಬ್ಬಿಣವನ್ನು ತಿನ್ನುತ್ತವೆ. ಮಳೆಗಾಲಕ್ಕೆ ಮುಂಚೆ ಮರೆಗೆ ಗ್ರೀಸು ಸವರಿ, ಎಣ್ಣೆಬಟ್ಟೆಯಲ್ಲಿ ಸುತ್ತಿ ಒಲೆಯ ಕಾವು ತಾಗುವ ಅಟ್ಟದಲ್ಲಿ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು.

ಸಹಕಾರಿಯ ಪಾಲು

ಇಷ್ಟು ಹೇಳಿದ ಮೇಲೆ ನಮ್ಮ ಸಂಘದ ಕರ್ತವ್ಯವನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ವರ್ಷದಲ್ಲಿ ಹತ್ತು ಬಾರಿ ಬಳಸುವ ವಸ್ತುವಿಗೆ ಪ್ರತಿ ಮನೆಯೂ ಹಣ ಹಾಕಬೇಕಾಗಿಲ್ಲ. ಪ್ರತಿ ಶಾಖೆಯಲ್ಲೂ ಬೀಗದ ಪಿನ್ನಿರುವ ಒಳ್ಳೆಯ ಜಾಕ್ ಒಂದು, ಪ್ಯಾಡಾಕ್ ಸ್ಟ್ಯಾಂಡ್ ಒಂದು ಇರಲಿ. ಸದಸ್ಯರು ಪುಸ್ತಕದಲ್ಲಿ ಸಹಿ ಹಾಕಿ ಒಯ್ದು, ಮರುದಿನ ಒರೆಸಿ ತಂದಿಡಲಿ. ಸ್ವಂತಕ್ಕೆ ಬೇಕೆನ್ನುವವರ ಬೇಡಿಕೆಯನ್ನು ಒಟ್ಟು ಮಾಡಿ, ಮಾದರಿಯನ್ನು ಮೊದಲು ಪರೀಕ್ಷಿಸಿ, ಸಂಘವೇ ಸಗಟಾಗಿ ತರಿಸಿದರೆ ಬೆಲೆಯೂ ಇಳಿಯುತ್ತದೆ, ಖೋಟಾ ಮಾಲಿನ ಭಯವೂ ತಪ್ಪುತ್ತದೆ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಒಬ್ಬೊಬ್ಬನೇ ಬೆಳೆಗಾರ ಮಾರುಕಟ್ಟೆಯ ಎದುರು ನಿಲ್ಲಲಾರ ಎಂಬ ಅನುಭವದಿಂದ. ಮಾರುವಾಗ ಒಟ್ಟಾಗಲು ಕಲಿತ ನಾವು ಕೊಳ್ಳುವಾಗಲೂ ಒಟ್ಟಾಗಬೇಕು.

ಮಳೆಗಾಲಕ್ಕೆ ಮೊದಲು ಪ್ರತಿ ಶಾಖೆಯಲ್ಲೂ ಒಂದು ಮಧ್ಯಾಹ್ನ, ಬೈಕನ್ನು ಸರಿಯಾಗಿ ಎತ್ತುವುದು ಹೇಗೆಂದು ಒಬ್ಬ ನುರಿತ ಮೆಕ್ಯಾನಿಕ್‌ನಿಂದ ಮಾಡಿ ತೋರಿಸುವ ಏರ್ಪಾಡಾಗಲಿ ಎಂದೂ ಆಡಳಿತ ಮಂಡಳಿಯನ್ನು ಕೋರುತ್ತೇವೆ. ಹೆಣ್ಣುಮಕ್ಕಳನ್ನೂ ಅದಕ್ಕೆ ಕರೆಯಬೇಕು. ಇಂದು ಹಾಲು ಹಾಕಲು ಡೇರಿಗೆ ಬೈಕು, ಸ್ಕೂಟರು ಓಡಿಸುವವರಲ್ಲಿ ಅವರೂ ಇದ್ದಾರೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮ ಹಿರಿಯರದು. ಅಡಿಕೆಗೆ ಕೊಳೆ ಬರುವ ಮೊದಲೇ ಔಷಧಿ ಹೊಡೆಯುವ ಬೆಳೆಗಾರನಿಗೆ ಮುಂಜಾಗ್ರತೆಯ ಪಾಠ ಹೊಸತಲ್ಲ. ಈ ಮಳೆಗಾಲಕ್ಕೆ ಮುಂಚೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಅಂಗಳದಲ್ಲಿ ಬೈಕಿನ ಅಡಿಗೆ ಇಡುತ್ತಿರುವ ವಸ್ತು ಯಾವುದೆಂದು ಒಮ್ಮೆ ಹೋಗಿ ನೋಡಬೇಕೆಂದು ನಮ್ಮ ವಿನಂತಿ. ಅದು ಅಡಿಕೆ ಮರದ ತುಂಡಾಗಿದ್ದರೆ ಬಚ್ಚಲೊಲೆಗೆ ಹಾಕಿಬಿಡಿ.